ಕೊನೆಗೆ ಆರುವ ಒಲೆ

ಮರವನ್ನು ಹೊಗಳುವವರು ಅದರ ಹೂವನ್ನು, ಹಣ್ಣನ್ನು, ನೆರಳನ್ನು ಹೊಗಳುತ್ತಾರೆ. ಬೇರಿನ ನೆನಪಾಗುವುದು ಮರ ಉರುಳಿ ಬಿದ್ದ ದಿನ ಮಾತ್ರ. ಎಲೆಗೆ ಮುಪ್ಪು ಬಂದರೆ ನಮ್ಮ ಕಣ್ಣಿಗೆ ಕಾಣುತ್ತದೆ. ಹಸಿರು ಹಳದಿಯಾಗುತ್ತದೆ, ಹಳದಿ ಕಂದಾಗುತ್ತದೆ, ಒಂದು ಗಾಳಿಗೆ ಎಲೆ ಕಳಚಿಕೊಳ್ಳುತ್ತದೆ. ಕವಿಗಳು ಅದನ್ನು ಹಾಡಿದ್ದಾರೆ, ಉಪದೇಶಕರು ಅದನ್ನು ದೃಷ್ಟಾಂತವಾಗಿ ಬಳಸಿದ್ದಾರೆ. ಆದರೆ ಬೇರಿಗೂ ಮುಪ್ಪು ಬರುತ್ತದೆ, ಬೇರೂ ಸಾಯುತ್ತದೆ, ಅದೂ ಯಾರೂ ಕಾಣದ ಕತ್ತಲಿನಲ್ಲಿ. ಆ ಕತ್ತಲಿನಲ್ಲಿ ನಡೆಯುವ ಒಂದು ಸೋಜಿಗವನ್ನು ಈ ಪುಟಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳುವ ಆಸೆ ನನ್ನದು.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಬೇರು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಹೇಗೆ ನೀರನ್ನು ಹೀರುತ್ತದೆ ಎಂಬುದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೇನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಬೇರಿನ ಯೌವನಕ್ಕೆ ಪುಟಗಟ್ಟಲೆ ಜಾಗವಿತ್ತು, ಅದರ ಮುಪ್ಪಿಗೆ ಒಂದೆರಡು ಸಾಲೂ ಇರಲಿಲ್ಲ. ಮನೆಯಲ್ಲಿ ಅವ್ವನಿಗೆ 91 ವರ್ಷ ತುಂಬಿದ ಮೇಲೆ ಈ ವಿಷಯದತ್ತ ನನ್ನ ಮನಸ್ಸು ಮತ್ತೆ ತಿರುಗಿತು. ಅದಕ್ಕೆ ಕಾರಣ ಅವಳು ಕೇಳಿದ ಒಂದು ಪ್ರಶ್ನೆ.

"ದೇವ್ರು ನನ್ನ ಇನ್ನೂ ಯಾಕಪ್ಪ ಇಟ್ಕೊಂಡವ್ನೆ? ಯಾವ ಕೆಲಸಕ್ಕೆ ಬತ್ತೀನಿ ನಾನು?"

ಅವಳ ದನಿಯಲ್ಲಿ ದೂರು ಇರಲಿಲ್ಲ. ಗದ್ದೆಯಲ್ಲಿ ನಾಟಿ ಹಾಕಿ, ಒಲೆಯ ಮುಂದೆ ಕೂತು, ಐದು ಮಕ್ಕಳನ್ನು ಸಾಕಿದ ಹೆಂಗಸು ಲೆಕ್ಕ ಕೇಳುವ ಹಾಗೆ ಕೇಳಿದಳು. ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಇದೇ ಪ್ರಶ್ನೆ, ಇದೇ ಮಾತುಗಳಲ್ಲಿ ಅಲ್ಲದಿದ್ದರೂ, ಕೇಳಿಬಂದಿರಬಹುದು. "ಹಾಗೆಲ್ಲ ಅನ್ನಬೇಡಿ" ಎಂದು ನಾವು ಬಾಯಿ ಮುಚ್ಚಿಸುತ್ತೇವೆ. ಅದು ಪ್ರೀತಿಯ ಮಾತೇ ಹೌದು, ಆದರೆ ಉತ್ತರವಲ್ಲ. ಉತ್ತರವನ್ನು ಹುಡುಕುತ್ತ ನಾನು ನನಗೆ ತಿಳಿದ ದಾರಿಯಲ್ಲಿ, ಎಂದರೆ ಬೇರಿನ ದಾರಿಯಲ್ಲಿ ಹೋದೆ.

ಎಳೆಯ ಬೇರಿನ ಬದುಕು ಎಂಥ ದುಡಿಮೆಯ ಬದುಕೆಂಬುದನ್ನು ಮೊದಲು ನೋಡೋಣ. ಬೇರಿನ ತುದಿಗೆ ಒಂದು ಟೊಪ್ಪಿಗೆಯಿದೆ. ಮಣ್ಣಿನ ಕಣಗಳಿಗೆ ಉಜ್ಜಿ ಉಜ್ಜಿ ಅದರ ಹೊರಗಿನ ಕೋಶಗಳು ಕಳಚಿ ಬೀಳುತ್ತಲೇ ಇರುತ್ತವೆ, ಒಳಗಿನಿಂದ ಹೊಸ ಕೋಶಗಳು ಬರುತ್ತಲೇ ಇರುತ್ತವೆ. ತುದಿಯಿಂದ ಸ್ವಲ್ಪ ಹಿಂದೆ ಬೇರುರೋಮಗಳು ಹುಟ್ಟುತ್ತವೆ. ಕೂದಲಿಗಿಂತ ನವುರಾದ ಈ ಎಳೆಗಳ ಆಯುಸ್ಸು ಬಹುತೇಕ ಕೆಲವು ದಿನಗಳು, ಹೆಚ್ಚೆಂದರೆ ಕೆಲವು ವಾರಗಳು. ಅಷ್ಟರಲ್ಲಿ ಅವು ಮಣ್ಣಿನ ಸಂದುಗೊಂದುಗಳಿಂದ ನೀರನ್ನೂ ಲವಣಗಳನ್ನೂ ಸಂಗ್ರಹಿಸಬೇಕು. ನೀರು ತಾನಾಗಿಯೇ ಒಳಬಂದೀತು, ಆದರೆ ಸಾರಜನಕ, ರಂಜಕ, ಪೊಟ್ಯಾಸಿಯಂ ಮೊದಲಾದವು ಹಾಗೆ ಬರುವುದಿಲ್ಲ. ಮಣ್ಣಿನಲ್ಲಿ ವಿರಳವಾಗಿರುವುದನ್ನು ಒಳಗೆ ದಟ್ಟವಾಗಿ ತುಂಬಿಕೊಳ್ಳಬೇಕಾದರೆ ಶಕ್ತಿ ಬೇಕು. ಬಾವಿಯಿಂದ ನೀರು ಸೇದುವವಳ ತೋಳಿನಲ್ಲಿ ಬಲವಿರಬೇಕಾದ ಹಾಗೆ.

ಆ ಬಲವನ್ನು ಕೊಡುವುದು ಮೈಟೋಕಾಂಡ್ರಿಯ. 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಎಂಬ ವಿಜ್ಞಾನಿ ಇದಕ್ಕೆ ಈ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ದಾರ' ಮತ್ತು 'ಕಾಳು' ಎಂಬರ್ಥದ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ದಾರದಂತೆಯೂ ಒಮ್ಮೆ ಕಾಳಿನಂತೆಯೂ ಕಾಣುತ್ತಿದ್ದುದರಿಂದ ಆ ಹೆಸರು. ಒಂದೊಂದು ಜೀವಕೋಶದಲ್ಲಿಯೂ ಇಂಥವು ನೂರಾರು ಇರುತ್ತವೆ. ಎರಡು ಪೊರೆಗಳ ಈ ಪುಟ್ಟ ಚೀಲದ ಒಳಪೊರೆ ಸೀರೆಯ ನೆರಿಗೆಗಳಂತೆ ಮಡಿಚಿಕೊಂಡಿರುತ್ತದೆ. ಆ ನೆರಿಗೆಗಳಲ್ಲಿ, ಎಲೆ ಕಳುಹಿಸಿಕೊಟ್ಟ ಸಕ್ಕರೆಯಿಂದ ಬಂದ ಇಂಧನ ಆಮ್ಲಜನಕದೊಡನೆ ಮೆಲ್ಲಮೆಲ್ಲನೆ ಉರಿದು, ಎಟಿಪಿ ಎಂಬ ಶಕ್ತಿಯ ನಾಣ್ಯವಾಗಿ ಬದಲಾಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಕೋಶದ ಒಲೆ ಎಂದು ಹೇಳುತ್ತಿದ್ದೆ. ಬೇರಿಗೆ ಬೆಳಕಿಲ್ಲ, ಅದು ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಮೇಲಿನವರು ಕಳುಹಿಸಿದ್ದನ್ನು ಈ ಒಲೆಯಲ್ಲಿ ಉರಿಸಿ ಅದು ದುಡಿಯುತ್ತದೆ.

ಒಲೆಗೆ ಗಾಳಿ ಬೇಕು. ಮಳೆಗಾಲದಲ್ಲಿ ಹೊಲದಲ್ಲಿ ನೀರು ನಿಂತು ಪೈರು ಹಳದಿಯಾಗುವುದನ್ನು ರೈತಾಪಿ ಮನೆಯವರೆಲ್ಲರೂ ಕಂಡಿದ್ದೀರಿ. ಸುತ್ತಲೂ ನೀರಿದ್ದರೂ ಪೈರು ಬಾಡುತ್ತದೆ. ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೋಗಿ ಬೇರಿನ ಒಲೆಗಳು ಕಂತಿರುತ್ತವೆ, ಅದೇ ಕಾರಣ. ಭತ್ತ ಮಾತ್ರ ಕೆಸರಿನಲ್ಲಿಯೂ ನಳನಳಿಸುತ್ತದೆ. ಏಕೆಂದರೆ ಅದರ ಬೇರಿನೊಳಗೆ ಕೆಲವು ಕೋಶಗಳು ಗೊತ್ತಾದ ಕಾಲಕ್ಕೆ ತಾವಾಗಿಯೇ ಸತ್ತು ಟೊಳ್ಳಾಗುತ್ತವೆ. ಆ ಟೊಳ್ಳಿನ ಹಾದಿಯಲ್ಲಿ ಎಲೆಯ ಕಡೆಯಿಂದ ಗಾಳಿ ಇಳಿದುಬಂದು ಉಳಿದ ಕೋಶಗಳಿಗೆ ಉಸಿರಾಗುತ್ತದೆ. ಕೆಲವರು ಜಾಗ ಬಿಟ್ಟುಕೊಟ್ಟದ್ದರಿಂದ ಮಿಕ್ಕವರು ಬದುಕುವ ಈ ಏರ್ಪಾಡನ್ನು ನೆನೆದಾಗಲೆಲ್ಲ ನಾನು ಸೃಷ್ಟಿಕರ್ತನಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತೇನೆ.

ಈ ಒಲೆಗಳ ಚರಿತ್ರೆಯೂ ಸ್ವಾರಸ್ಯಕರವಾದದ್ದು. ಮೈಟೋಕಾಂಡ್ರಿಯಕ್ಕೆ ತನ್ನದೇ ಆದ ಡಿಎನ್‌ಎ ಇದೆ. ಅತಿ ಪ್ರಾಚೀನ ಕಾಲದಲ್ಲಿ ಬೇರೆಯಾಗಿ ಬದುಕುತ್ತಿದ್ದ ಒಂದು ಬ್ಯಾಕ್ಟೀರಿಯ ಇನ್ನೊಂದು ಕೋಶದೊಳಗೆ ಸೇರಿ ಅಲ್ಲಿಯೇ ನೆಲೆ ನಿಂತಿತೆಂಬ ವಿಚಾರವನ್ನು 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ವಿವರವಾಗಿ ಮಂಡಿಸಿದರು. ಮೊದಲು ಹಲವರು ಒಪ್ಪಲಿಲ್ಲ, ಇಂದು ಅದು ಸರ್ವಸಮ್ಮತವಾಗಿದೆ. ಅತಿಥಿಯಾಗಿ ಬಂದವನು ಮನೆಯವನೇ ಆದ ಕಥೆ ಇದು. ಸಸ್ಯಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಎಷ್ಟೋ ಮೈಟೋಕಾಂಡ್ರಿಯಗಳಲ್ಲಿ ಪೂರ್ಣ ಡಿಎನ್‌ಎ ಇರುವುದೇ ಇಲ್ಲ. ಅವು ಕೋಶದೊಳಗೆ ಓಡಾಡುತ್ತ, ಒಂದನ್ನೊಂದು ಕೂಡುತ್ತ, ಮತ್ತೆ ಬೇರೆಯಾಗುತ್ತ ತಮ್ಮಲ್ಲಿ ಇಲ್ಲದ್ದನ್ನು ಪರಸ್ಪರ ಹಂಚಿಕೊಳ್ಳುತ್ತವೆ.

ಇನ್ನು ಮುಪ್ಪಿನ ಮಾತು. ನಮ್ಮ ಊರಿನ ತೋಟದ ತೆಂಗಿನ ಮರವನ್ನೇ ತೆಗೆದುಕೊಳ್ಳುತ್ತೇನೆ. ತೆಂಗಿಗೆ ತಾಯಿಬೇರು ಇಲ್ಲ. ಕಾಂಡದ ಬುಡದಿಂದ ಹಗ್ಗದಂಥ ಬೇರುಗಳು ಸಾವಿರಾರು ಹೊರಟು ಸುತ್ತಲೂ ಹಬ್ಬುತ್ತವೆ. ಅವಕ್ಕೆ ಬೇರುರೋಮಗಳೂ ಇಲ್ಲ, ತುದಿಯ ಸಮೀಪದ ಎಳೆಯ ಭಾಗವೇ ನೀರನ್ನು ಹೀರಬೇಕು. ಮೇಲೆ ಅಲ್ಲಲ್ಲಿ ಪುಟ್ಟ ಬಿಳಿಯ ಮೊನೆಗಳು ಮೂಡುತ್ತವೆ, ಅವು ಉಸಿರಾಟಕ್ಕೆ. ಹೊಸ ಬೇರು ಬೆಳ್ಳಗಿರುತ್ತದೆ. ವಯಸ್ಸಾದ ಹಾಗೆ ಅದು ಕೆಂಪಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹೊರಪದರ ಗಟ್ಟಿಯಾಗುತ್ತದೆ. ಹಾಗಾದ ಭಾಗ ಇನ್ನು ಹೀರಲಾರದು. ಆದರೆ ತುದಿ ಹೀರಿದ್ದನ್ನು ಕಾಂಡಕ್ಕೆ ಒಯ್ಯುವುದು ಅದೇ ಹಳೆಯ ಭಾಗ, ಬಿರುಗಾಳಿಯಲ್ಲಿ ಮರವನ್ನು ನೆಲಕ್ಕೆ ಬಿಗಿದಿಡುವುದೂ ಅದೇ. ಸಂಪಾದಿಸುವ ಕೆಲಸ ಮುಗಿದು, ಹೊರುವ ಕೆಲಸ ಮೊದಲಾಗುತ್ತದೆ. ಬೇರು ಪೂರ್ತಿ ಸತ್ತ ಮೇಲೆ ಬುಡದಿಂದ ಹೊಸ ಬೇರುಗಳು ಇಳಿಯುತ್ತವೆ.

ಮಾವು, ಹಲಸುಗಳ ದಪ್ಪ ಬೇರುಗಳಲ್ಲಿ ಇದು ಇನ್ನೂ ಸ್ಪಷ್ಟ. ನೀರನ್ನು ಮೇಲಕ್ಕೆ ಒಯ್ಯುವ ಕ್ಸೈಲೆಂ ಕೊಳವೆಗಳು ಸತ್ತ ಕೋಶಗಳಿಂದಾದವು. ಆ ಕೋಶ ಬದುಕಿರುವಾಗ ತನ್ನ ಗೋಡೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಒಳಗಿದ್ದದ್ದನ್ನೆಲ್ಲ ಕರಗಿಸಿ ಬರಿದಾಗುತ್ತದೆ. ಬರಿದಾದ ಮೇಲೆಯೇ ಅದರ ಮೂಲಕ ನೀರು ಸರಾಗವಾಗಿ ಏರುತ್ತದೆ. ನಾವು ತಿನ್ನುವ ಒಂದೊಂದು ಹಲಸಿನ ತೊಳೆಯ ರಸವೂ ಇಂಥ ಸತ್ತ ಕೋಶಗಳ ಹಾದಿಯಲ್ಲಿ ಬಂದದ್ದು.

ಬಾರ್ಲಿ, ಗೋಧಿಯಂಥ ಧಾನ್ಯಗಳಲ್ಲಿ ಬೇರಿಗೆ ವಯಸ್ಸಾದಂತೆ ಹೊರಗಿನ ತೊಗಟೆಯ ಕೋಶಗಳು ಹೊರಗಿನಿಂದ ಒಳಕ್ಕೆ ಪದರಪದರವಾಗಿ ಸಾಯುತ್ತ ಬರುತ್ತವೆ. ನಡುವಿನ ನಾಳಗಳನ್ನು ಸುತ್ತುವರಿದ ಒಳಗೋಡೆ ಮಾತ್ರ ಜೀವಂತವಾಗಿ ಉಳಿಯುತ್ತದೆ. 2017ರಲ್ಲಿ ಬಾರ್ಲಿಯ ಮೇಲೆ ನಡೆದ ಅಧ್ಯಯನವೊಂದು ಇಂಥ ಬೇರಿನ ಉಸಿರಾಟ ತಗ್ಗುವುದನ್ನೂ, ಅದರಲ್ಲಿದ್ದ ಪೋಷಕಾಂಶಗಳು ಕಡಿಮೆಯಾಗುವುದನ್ನೂ ಅಳೆದು ತೋರಿಸಿತು. ತನಗಾಗಿ ಇಟ್ಟುಕೊಂಡಿದ್ದನ್ನು ಹಳೆಯ ಬೇರು ಗಿಡಕ್ಕೆ ಬಿಟ್ಟುಕೊಟ್ಟು, ತನ್ನ ಖರ್ಚನ್ನು ತಗ್ಗಿಸಿಕೊಂಡು ಬದುಕುತ್ತದೆ. ಬಡತನದಲ್ಲಿ ಸಂಸಾರ ತೂಗಿಸಿದ ನಮ್ಮ ಅಜ್ಜಿಯರು ಮಕ್ಕಳಿಗೆ ಬಡಿಸಿ ತಾವು ಗಂಜಿ ಕುಡಿದದ್ದು ನನಗೆ ನೆನಪಾಯಿತು.

ಮುಪ್ಪಿನಲ್ಲಿ ಒಲೆಗಳಿಗೇನಾಗುತ್ತದೆ? ಒಲೆಯಿದ್ದಲ್ಲಿ ಹೊಗೆಯಿರುವುದು ಸಹಜ. ಮೈಟೋಕಾಂಡ್ರಿಯ ಉರಿಯುವಾಗ ಆಮ್ಲಜನಕದ ಕೆಲವು ಉಗ್ರ ರೂಪಗಳು ಹೊರಬಂದು ಅದರ ಸ್ವಂತ ಪೊರೆಗಳನ್ನೇ ಸುಡುತ್ತವೆ. ಎಳೆಯ ಕೋಶದಲ್ಲಿ ರಿಪೇರಿ ಬೇಗ ನಡೆಯುತ್ತದೆ, ಮುದಿ ಕೋಶದಲ್ಲಿ ಹಾನಿ ರಿಪೇರಿಯನ್ನು ಮೀರುತ್ತದೆ. ನೆರಿಗೆಗಳು ಸಡಿಲವಾಗುತ್ತವೆ, ಕೆಲವು ಒಲೆಗಳು ಊದಿಕೊಂಡು ಕೆಡುತ್ತವೆ. ಕೆಟ್ಟ ಒಲೆಗಳನ್ನು ಕೋಶವು ಬೇಕಾಬಿಟ್ಟಿ ಬಿಡುವುದಿಲ್ಲ. ಅವುಗಳನ್ನು ಒಂದು ಪೊರೆಯಲ್ಲಿ ಸುತ್ತಿ, ಸಸ್ಯಕೋಶದ ನಡುವೆಯಿರುವ ದೊಡ್ಡ ರಸದಾನಿಗೆ ಸಾಗಿಸಿ, ಅಲ್ಲಿ ಕರಗಿಸಿ, ಅದರ ಅಂಶಗಳನ್ನು ಮತ್ತೆ ಬಳಸಿಕೊಳ್ಳುತ್ತದೆ. ಇದಕ್ಕೆ ಆಟೋಫೇಜಿ ಎನ್ನುತ್ತಾರೆ. ಇದರ ಗುಟ್ಟನ್ನು ಯೀಸ್ಟ್ ಎಂಬ ಹುದುಗಿನ ಜೀವಿಯಲ್ಲಿ ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪೋಲೆಂಡಿನ ಪೊಜ್ನಾನ್ ನಗರದ ಸಂಶೋಧಕರು ಪಾಪ್ಲರ್ ಮರದ ನವುರಾದ ಹೀರುಬೇರುಗಳು ಮುಪ್ಪಾಗುವಾಗಲೂ ಇದೇ ಕೆಲಸ ನಡೆಯುವುದನ್ನು ಗುರುತಿಸಿದ್ದಾರೆ. ಎಂದರೆ ಆ ಬೇರುಗಳು ಕೊಳೆತು ಸಾಯುವುದಿಲ್ಲ, ಕ್ರಮವಾಗಿ ಮನೆ ಖಾಲಿ ಮಾಡುತ್ತವೆ.

ಈಗ ನಾನು ಹೇಳಬೇಕೆಂದಿದ್ದ ಸೋಜಿಗ. ಎಲೆ ಮುಪ್ಪಾಗುವಾಗ ಮೊದಲು ಕಳಚುವುದು ಅದರ ಹಸಿರು ಕಣಗಳು, ಎಂದರೆ ಬೆಳಕಿನಿಂದ ಅನ್ನ ಮಾಡುವ ಅಡುಗೆಮನೆ. ಎಲೆ ಹಳದಿಯಾಗುವುದು ಅದರಿಂದಲೇ. ಆದರೆ ಅದೇ ಹಳದಿ ಎಲೆಯೊಳಗೆ ಮೈಟೋಕಾಂಡ್ರಿಯಗಳು ಬಹುಕಾಲ ಉರಿಯುತ್ತಲೇ ಇರುತ್ತವೆ. ಎಲ್ಲವೂ ಮುಗಿದ ಮೇಲೆ, ಬಹುತೇಕ ಕೊನೆಯಲ್ಲಿ ಆರುವುದು ಆ ಒಲೆ. ಏಕೆ? ಎಲೆಯಲ್ಲಿರುವ ಸಾರಜನಕವನ್ನೂ ಇತರ ಸತ್ತ್ವವನ್ನೂ ಬಿಡಿಸಿ, ಕಟ್ಟಿ, ಕೊಂಬೆಗೆ, ಚಿಗುರಿಗೆ, ಬೀಜಕ್ಕೆ ಕಳುಹಿಸಬೇಕಾಗಿದೆ. ಅದಕ್ಕೆ ಶಕ್ತಿ ಬೇಕು. ಒಲೆ ಮೊದಲೇ ಆರಿದರೆ ಕೋಶ ಒಡೆದು ಚೆಲ್ಲಿಹೋಗುತ್ತದೆ, ಅದರ ಸತ್ತ್ವ ಗಿಡದಲ್ಲಿ ಯಾರಿಗೂ ದಕ್ಕುವುದಿಲ್ಲ. ಬೇರಿನ ಕೋಶದಲ್ಲಿಯೂ ನಿಯಮ ಇದೇ. ಕ್ರಮವಾಗಿ ಕಳಚಿಕೊಳ್ಳಬೇಕಾದರೆ ಕಳಚುವಷ್ಟು ಕಾಲ ಬೆಂಕಿ ಉಳಿದಿರಬೇಕು.

ಹಿಡಿದುಕೊಳ್ಳುವುದಕ್ಕೆ ಶಕ್ತಿ ಬೇಕೆಂದು ನಮಗೆಲ್ಲ ಗೊತ್ತು. ಬಿಟ್ಟುಕೊಡುವುದಕ್ಕೂ ಅಷ್ಟೇ ಶಕ್ತಿ ಬೇಕೆಂಬುದನ್ನು ಈ ಕಣಗಳು ನನಗೆ ಕಲಿಸಿದವು.

ಅದನ್ನು ತಿಳಿದುಕೊಂಡ ಮೇಲೆ ಅವ್ವನ ಕಳೆದ ಹತ್ತು ವರ್ಷಗಳು ನನಗೆ ಬೇರೆಯಾಗಿ ಕಾಣತೊಡಗಿದವು. ಮೊದಲು ಅವಳು ಪೆಟ್ಟಿಗೆಯ ಬೀಗದ ಕೈಗೊಂಚಲನ್ನು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಹೊಲದ ಕಾಗದಗಳಿಗೆ ಹೆಬ್ಬೆಟ್ಟು ಒತ್ತಿ ಮಕ್ಕಳ ಪಾಲನ್ನು ಹಂಚಿದಳು. ಬಸ್ಸಾರಿನ ಹದವನ್ನೂ ಉಪ್ಪಿನಕಾಯಿಯ ಅಳತೆಯನ್ನೂ ಮೊಮ್ಮಗಳಿಗೆ ಹೇಳಿಕೊಟ್ಟು ಅಡುಗೆಮನೆಯಿಂದ ಹೊರಬಂದಳು. ಅವಳಿಗೂ ಅವಳ ತಂಗಿಗೂ ತೌರಿನ ಒಂದು ಜೊತೆ ವಾಲೆಯ ಕಾರಣಕ್ಕೆ ಬಹಳ ವರ್ಷ ಮಾತಿರಲಿಲ್ಲ. ಒಂದು ಕ್ರಿಸ್ಮಸ್ಸಿನ ಮುಂಚೆ ತಂಗಿಯನ್ನು ಕರೆಸಿ, ಆ ವಾಲೆಗಳನ್ನು ತಾನೇ ಅವಳ ಕಿವಿಗೆ ಇಟ್ಟಳು. ಆ ಸಂಜೆ ಅವಳು ಜ್ವರ ಬಂದವಳಂತೆ ದಣಿದು ಮಲಗಿದ್ದಳು. ವಯಸ್ಸಾಗಿದೆ, ಅದಕ್ಕೇ ಸುಸ್ತು ಎಂದುಕೊಂಡೆವು. ಅದು ದೊಡ್ಡದೊಂದು ಕೆಲಸ ಮಾಡಿ ಮುಗಿಸಿದವಳ ಸುಸ್ತು ಎಂದು ಇಂದು ನನಗೆ ಅನ್ನಿಸುತ್ತದೆ. ಕ್ಷಮಿಸುವುದು ಹೊಲ ಉಳುವುದಕ್ಕಿಂತ ಹಗುರವಾದ ಕೆಲಸವಲ್ಲ.

ಈಗ ಹೆಸರುಗಳೂ ಅವಳಿಂದ ಕಳಚಿಕೊಳ್ಳುತ್ತಿವೆ. ಒಮ್ಮೊಮ್ಮೆ ನನ್ನನ್ನು ತನ್ನ ಅಣ್ಣನೆಂದು ತಿಳಿದು ಮಾತನಾಡಿಸುತ್ತಾಳೆ. ಆದರೆ ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ತಂದಾಗ ಅವಳ ಕೈಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ, ಜಪಮಾಲೆಯ ಮಣಿಗಳ ಮೇಲೆ ಬೆರಳು ತಪ್ಪದೆ ಸರಿಯುತ್ತದೆ. ಮೇಲಿನ ಹಸಿರೆಲ್ಲ ಹೋದರೂ ಒಳಗೆ ಏನೋ ಉರಿಯುತ್ತಿದೆ. "ಅವ್ವನಿಗೆ ಏನೂ ಗೊತ್ತಾಗೋದಿಲ್ಲ" ಎಂದು ಬಂಧುಗಳು ಅವಳ ಎದುರಿನಲ್ಲಿಯೇ ಹೇಳಿದಾಗ ನನಗೆ ಆ ಹಳದಿ ಎಲೆ ನೆನಪಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಈ ದೃಷ್ಟಾಂತ ನಮ್ಮನ್ನು ದಾರಿ ತಪ್ಪಿಸೀತು. ಹಳೆಯ ಬೇರೂ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ವೃದ್ಧರನ್ನು ಗೌರವಿಸಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಉಪಯೋಗವೆಲ್ಲ ಮುಗಿದ ದಿನ ಏನು ಮಾಡುವುದು? ಗಿಡಕ್ಕೆ ಲೆಕ್ಕಾಚಾರ ಗೊತ್ತು. ತಗಲುವ ಖರ್ಚು ಬರುವ ಲಾಭವನ್ನು ಮೀರಿದರೆ ಅದು ಬೇರನ್ನು ಕೈಬಿಡುತ್ತದೆ. ಗಿಡದ ಮಟ್ಟಿಗೆ ಅದು ಸರಿ. ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೆಂದು ನಂಬುವ ನಮಗೆ ಆ ಲೆಕ್ಕ ಸಲ್ಲದು. ಅವ್ವ ಕೇಳಿದ "ಯಾವ ಕೆಲಸಕ್ಕೆ" ಎಂಬ ಪ್ರಶ್ನೆಗೆ ಕೆಲಸಗಳ ಪಟ್ಟಿ ಕೊಟ್ಟು ಉತ್ತರಿಸಲು ಸಾಧ್ಯವಿಲ್ಲ. ಯಾವ ಕೆಲಸಕ್ಕೂ ಬಾರದೆ ಮಲಗಿರುವ ದಿನವೂ ಅವಳು ದೇವರಿಗೆ ಬೇಕಾದವಳು, ಆದುದರಿಂದ ನಮಗೂ ಬೇಕಾದವಳು. ಬೇರು ನನಗೆ ಕಲಿಸಿದ್ದು ಇಷ್ಟೇ: ನಾವು ಬರಿಯ ಕುಸಿತವೆಂದು ಕಾಣುವ ಕಡೆ, ಒಳಗೆ ಒಬ್ಬ ಮನುಷ್ಯ ತನ್ನ ಕೊನೆಯ ದೊಡ್ಡ ಕೆಲಸವನ್ನು ಮಾಡುತ್ತಿರಬಹುದು. ಆ ಒಲೆಯ ಮೇಲೆ ನೀರು ಸುರಿಯುವ ಮಾತು ನಮ್ಮ ಬಾಯಿಂದ ಬರಬಾರದು.

ಲೂಕನ ಶುಭಸಂದೇಶದಲ್ಲಿ ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ಗುರುತಿಸಿದವರು ಯಾರೆಂದು ನೆನೆಸಿಕೊಳ್ಳಿ. ಪಂಡಿತರಲ್ಲ, ಅಧಿಕಾರಿಗಳಲ್ಲ. ಸಾವನ್ನು ಎದುರು ನೋಡುತ್ತಿದ್ದ ಸಿಮೆಯೋನ, ಹಾಗೂ 84ರ ವಯಸ್ಸಿನ ವಿಧವೆ ಅನ್ನಳು. ಸಿಮೆಯೋನನು ಮಗುವನ್ನು ತೋಳಿನಲ್ಲಿ ಎತ್ತಿಕೊಂಡು, ಇನ್ನು ತನ್ನನ್ನು ಸಮಾಧಾನದಿಂದ ಕಳುಹಿಸಿಕೊಡಬಹುದೆಂದು ದೇವರಿಗೆ ಅರಿಕೆ ಮಾಡಿಕೊಂಡನು. ಬಿಟ್ಟುಹೋಗುವುದಕ್ಕೆ ಸಿದ್ಧನಾದವನ ಕಣ್ಣು ಅಷ್ಟು ನಿಚ್ಚಳವಾಗಿತ್ತು. ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ, ಕಸಿ ಕಟ್ಟಿಸಿಕೊಂಡ ಕೊಂಬೆಯು ಬೇರಿನ ಮುಂದೆ ಜಂಬ ಕೊಚ್ಚಬಾರದೆಂದು, ಕೊಂಬೆಯನ್ನು ಹೊತ್ತಿರುವುದು ಬೇರೇ ಎಂದು ಎಚ್ಚರಿಸಿದ್ದಾರೆ. ಅವರು ಹೇಳಿದ್ದು ಇಸ್ರೇಲಿನ ಜನರನ್ನು ಕುರಿತು. ಆದರೆ ಪ್ರತಿಯೊಂದು ಮನೆಯ ಕಿರಿಯರಿಗೂ ಆ ಮಾತಿನಲ್ಲಿ ಪಾಠವಿದೆ.

ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವ ದಿನವನ್ನು ಸ್ಥಾಪಿಸಿ, ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಸಮೀಪವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅದಕ್ಕೆ ಗೊತ್ತುಮಾಡಿದರು. ಆ ದಿನ ಹಿರಿಯರಿಗೆ ಶಾಲು ಹೊದಿಸುವುದು ಒಳ್ಳೆಯದೇ. ಅದಕ್ಕಿಂತ ಮುಖ್ಯವಾದ ಒಂದು ಕೆಲಸ ಮನೆಯಲ್ಲಿ ಆಗಬೇಕಾಗಿದೆ. ಹಿರಿಯರು ಏನನ್ನಾದರೂ ಕೊಡಲು ಬಂದಾಗ, ಅದು ಹಳೆಯ ಸೀರೆಯಾಗಿರಲಿ, ಹತ್ತನೆಯ ಸಲ ಹೇಳುವ ಕಥೆಯಾಗಿರಲಿ, ಯಾರದೋ ಮೇಲಿದ್ದ ಹಳೆಯ ಸಿಟ್ಟನ್ನು ಇಳಿಸಿಕೊಳ್ಳುವ ಮಾತಾಗಿರಲಿ, ಅದನ್ನು ತೆಗೆದುಕೊಳ್ಳಲು ನಮ್ಮ ಕೈ ಬಿಡುವಾಗಿರಬೇಕು. ಹಳೆಯ ಎಲೆ ಕೊಟ್ಟದ್ದನ್ನು ಚಿಗುರು ತೆಗೆದುಕೊಳ್ಳದಿದ್ದರೆ ಆ ಉರಿಗೆ ಅರ್ಥವೇನು?

ಬೇರು ಸತ್ತ ಮೇಲೆ ಮಣ್ಣಿನಲ್ಲಿ ಅದರ ಜಾಗ ಒಂದು ಸಣ್ಣ ಕೊಳವೆಯಾಗಿ ಉಳಿಯುತ್ತದೆ. ಮಳೆಯ ನೀರು ಆ ಹಾದಿಯಲ್ಲಿ ಆಳಕ್ಕೆ ಇಳಿಯುತ್ತದೆ, ಗಾಳಿ ಅದರೊಳಗೆ ಸುಳಿಯುತ್ತದೆ, ಎರೆಹುಳು ಓಡಾಡುತ್ತದೆ. ಮುಂದಿನ ವರ್ಷದ ಎಳೆಯ ಬೇರು ಗಟ್ಟಿ ನೆಲವನ್ನು ಹೊಸದಾಗಿ ಕೊರೆಯುವ ಬದಲು, ಎಷ್ಟೋ ಸಲ ಆ ಹಳೆಯ ಹಾದಿಯನ್ನೇ ಹಿಡಿದು ಇಳಿಯುತ್ತದೆ. ನಮ್ಮ ಮಕ್ಕಳು ರಾತ್ರಿ ಮಲಗುವ ಮುನ್ನ ಹೇಳುವ ಪ್ರಾರ್ಥನೆಯ ಮಾತುಗಳನ್ನು ಯಾರು ಕಲಿಸಿದರು, ಅವರಿಗೆ ಯಾರು ಕಲಿಸಿದ್ದರು ಎಂದು ಹಿಂದಕ್ಕೆ ಹೋಗಿ ನೋಡಿದರೆ, ಹೆಸರೂ ಉಳಿಯದ ಎಷ್ಟೋ ಅಜ್ಜಿಯರು ಕೊರೆದಿಟ್ಟ ಹಾದಿ ಅದು ಎಂದು ತಿಳಿಯುತ್ತದೆ. ಆ ಹಾದಿಯಲ್ಲಿಯೇ ನಾವು ಜೀವಜಲದ ಕಡೆಗೆ ಇಳಿಯುತ್ತಿದ್ದೇವೆ.